ದರ್ಜಿಯ ಸೊಂಟದ ಅಳತೆ

ನನ್ನ ಗಂಡ ದರ್ಜಿ. ಊರವರ ಸೊಂಟದ ಅಳತೆಯೆಲ್ಲ ಅವರ ನಾಲಿಗೆ ತುದಿಯಲ್ಲಿದೆ, ತಮ್ಮದೊಂದು ಬಿಟ್ಟು. ಬೇರೆಯವರಿಗಾದರೆ ಪ್ಯಾಂಟು ಬಿಗಿಯಾದಾಗ ಹೊಟ್ಟೆ ಬಂದದ್ದು ಗೊತ್ತಾಗುತ್ತದೆ. ಇವರಿಗೆ ಹೇಗೆ ಗೊತ್ತಾಗಬೇಕು? ಬಿಗಿಯಾದ ಕೂಡಲೇ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಸ್ವಲ್ಪ ಹೊರಗೆ ಬಿಟ್ಟು, ಮತ್ತೆ ಹೊಲಿದುಕೊಳ್ಳುತ್ತಾರೆ. ನನ್ನ ಕಣ್ಣಿಗೂ ಮಣ್ಣೆರಚಿದ್ದರು.

ಕೆಲವು ತಿಂಗಳ ಹಿಂದೆ ಒಂದು ದಿನ ಅಂಗಡಿಯಿಂದ ಮೆಟ್ಟಿಲು ಹತ್ತಿ ಮನೆಗೆ ಬಂದವರು ಬಾಗಿಲು ಹಿಡಿದು ನಿಂತುಬಿಟ್ಟರು. ಏದುಸಿರು. ಓಡಿ ಹೋಗಿ ಕೈ ಹಿಡಿದೆ. ಅವರಣ್ಣನೂ ದರ್ಜಿ, ಅದೇ ಹೊಟ್ಟೆ. ಒಂದು ಮಧ್ಯಾಹ್ನ ಮೆಷಿನ್ ಮೇಲೆ ತಲೆಯಿಟ್ಟವರು ಮತ್ತೆ ಏಳಲಿಲ್ಲ. ಆ ಮೆಷಿನ್ನಿಗೆ ಬಟ್ಟೆ ಹೊದಿಸಿ ಮೂಲೆಗಿಟ್ಟಿದ್ದೇವೆ. ಅಂದಿನಿಂದ ಕೆಳಗೆ ಮೆಷಿನ್ ಸದ್ದು ನಿಂತರೆ ಸಾಕು, ಒಲೆ ಮೇಲಿದ್ದದ್ದನ್ನು ಬಿಟ್ಟು ಹೋಗಿ ಇಣುಕುತ್ತೇನೆ.

"ಆಸ್ಪತ್ರೆಗೆ ಹೋಗೋಣ, ನಡೀರಿ," ಅಂದೆ.

"ಸುಮ್ನಿರೇ. ಈ ಹೊಟ್ಟೆಗೆ ನಾನೇ ಮದ್ದು ಮಾಡ್ಕೊಂಡಿದ್ದೀನಿ." ಅಂಗಿ ಎತ್ತಿ ತೋರಿಸಿದರು. ದಪ್ಪ ಕ್ಯಾನ್ವಾಸಿನಲ್ಲಿ ತಾವೇ ಹೊಲಿದ ಪಟ್ಟಿಯನ್ನು ಹೊಟ್ಟೆಗೆ ಬಿಗಿದುಕೊಂಡಿದ್ದರು. "ಬೆವರು ಬಂದು ಕೊಬ್ಬು ಕರಗುತ್ತೆ. ದೊಗಲೆ ಅಂಗೀನ ಸೊಂಟದಲ್ಲಿ ಟೈಟ್ ಮಾಡಲ್ವಾ, ಹಾಗೇ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮರುದಿನ ಆರೋಗ್ಯ ಕೇಂದ್ರದ ನರ್ಸಮ್ಮ ಸಮವಸ್ತ್ರಕ್ಕೆ ಅಳತೆ ಕೊಡಲು ಬಂದಾಗ ಎಲ್ಲ ಹೇಳಿಬಿಟ್ಟೆ. ಆಕೆ ಇವರ ಕೊರಳಿನ ಟೇಪನ್ನೇ ಎಳೆದುಕೊಂಡು, ಪಟ್ಟಿ ಬಿಚ್ಚಿಸಿ, ಹೊಟ್ಟೆ ಸುತ್ತ ಹಿಡಿದರು. ಇವರು ಬಗ್ಗಿ ನೋಡಿದರು. ಮುಖ ಸಪ್ಪಗಾಯಿತು.

"ಟೇಪ್ ಸರಿಯಿಲ್ಲ."

"ಇದೇ ಟೇಪಲ್ಲಿ ತಾನೆ ನಮಗೆಲ್ಲ ಹೊಲಿಯೋದು?" ಎಂದರು ನರ್ಸಮ್ಮ. "ನೋಡಣ್ಣ, ಬೆವರಲ್ಲಿ ಹೋಗೋದು ನೀರು, ಕೊಬ್ಬಲ್ಲ. ಹೊಟ್ಟೆ ಒಂದನ್ನೇ ಹಿಡಿದು ಕರಗಿಸೋಕಾಗಲ್ಲ. ಇಡೀ ಮೈ ಆಡಬೇಕು."

"ದಿನವಿಡೀ ಪೆಡಲ್ ತುಳೀತೀನಲ್ಲ ನರ್ಸಮ್ಮ, ಅದು ವ್ಯಾಯಾಮ ಅಲ್ವಾ?"

"ಮೆಷಿನ್ನಿಗೆ ಮೋಟಾರ್ ಹಾಕಿಸಿ ಯಾವ ಕಾಲ ಆಯ್ತು?" ಎಂದು ನಾನು ಕೇಳಿದೆ.

"ಮೊದಲು ಡಾಕ್ಟರಿಗೆ ತೋರಿಸಿ," ಎಂದರು ನರ್ಸಮ್ಮ. "ಏದುಸಿರನ್ನ ಉದಾಸೀನ ಮಾಡಬಾರದು. ಅವರು ಹೂಂ ಅಂದ ಮೇಲೆ ಚುರುಕಾಗಿ ನಡೀರಿ. ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅಷ್ಟು ಬಿರುಸು ಸಾಕು. ಸೈಕಲ್ಲು, ಈಜು ಆದ್ರೂ ಸರಿ. ವಾರದಲ್ಲಿ ಹೆಚ್ಚಿನ ದಿನ ಅರ್ಧ ಗಂಟೆ. ಊಟದಲ್ಲೂ ಸ್ವಲ್ಪ ಹಿಡಿತ ಇರ್ಲಿ."

"ಬರೀ ನಡೆದ್ರೆ ಇದು ಇಳಿಯುತ್ತಾ? ನಂಗ್ಯಾಕೋ ನಂಬಿಕೆ ಇಲ್ಲ."

"ನಿಧಾನಕ್ಕೆ ಇಳಿಯುತ್ತೆ. ಆದ್ರೆ ಹೃದಯಕ್ಕೆ ಒಳ್ಳೇದಾಗೋಕೆ ಅಲ್ಲೀವರೆಗೂ ಕಾಯ್ಬೇಕಿಲ್ಲ."

ಇವರು ಇನ್ನೂ ತಲೆ ಕೆರೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ನಿಮ್ಮಣ್ಣನ ಮೆಷಿನ್ನಿಗೆ ಬಟ್ಟೆ ಹೊದಿಸಿದ್ದೇ ಸಾಕು. ನಿಮ್ಮದಕ್ಕೂ ನನ್ನ ಕೈಲಿ ಹೊದಿಸಬೇಡಿ," ಅಂದೆ. ಅವರು ಎದ್ದು ಚಪ್ಪಲಿ ಮೆಟ್ಟಿದರು. ನೇರ ಆಸ್ಪತ್ರೆಗೆ ಹೋದೆವು.

ಡಾಕ್ಟರು ಪರೀಕ್ಷೆ ಮಾಡಿ, ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟು, ನಡಿಗೆಯನ್ನು ಮೆಲ್ಲಗೆ ಶುರುಮಾಡಿ ಎಂದರು. ಈಗ ಅಂಗಡಿ ತೆರೆಯುವ ಮೊದಲು ಇಬ್ಬರೂ ನಡೆಯುತ್ತೇವೆ. ದಾರಿಯುದ್ದಕ್ಕೂ ಗೊಣಗುತ್ತಾರೆ. ಗೊಣಗುವಷ್ಟು ಉಸಿರಿದೆಯಲ್ಲ ಎಂದು ನನಗೆ ಸಮಾಧಾನ.

ಭಯ ಪೂರ್ತಿ ಹೋಗಿಲ್ಲ. ನಿನ್ನೆಯೂ ಮೆಷಿನ್ ಸದ್ದು ನಿಂತಿತು, ಎದ್ದೆನೋ ಬಿದ್ದೆನೋ ಎಂದು ಕೆಳಗೆ ಓಡಿದೆ. ತಮ್ಮ ಪ್ಯಾಂಟಿನ ಸೊಂಟ ಬಿಚ್ಚಿಕೊಂಡು ಕೂತಿದ್ದರು.

"ಮತ್ತೆ ಅಗಲ ಮಾಡ್ತಿದ್ದೀರಾ?"

"ಇಲ್ವೇ. ಸಡಿಲ ಆಗಿದೆ, ಒಳಗೆ ಹಿಡೀತಿದ್ದೀನಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಒಂದು ಟೇಪು ತಗೊಂಡು ಹೊಟ್ಟೆ ಸುತ್ತ ಅಳೆದುಕೊಳ್ಳಿ. ಪ್ಯಾಂಟಿನೊಳಗೆ ಬಿಚ್ಚಿ ಬಿಡಲು ಬಟ್ಟೆ ಇರುತ್ತದೆ, ಎದೆಯೊಳಗೆ ಇರುವುದಿಲ್ಲ. ನಿಮ್ಮ ಸದ್ದು ನಿಂತಿತೇ ಎಂದು ಮನೆಯವರು ಇಣುಕುವ ಮೊದಲೇ ಎದ್ದು ನಡೆಯಿರಿ.