ಕೊಟ್ರಪ್ಪ ನೀರಿಗಿಳಿಸದ ಕಾರು

ಕಾರಿನ ಕಾಯಿಲೆ ಹೇಳುವುದರಲ್ಲಿ ಆಂಜಿನಪ್ಪನನ್ನು ಮೀರಿಸುವವರು ಪೀಣ್ಯದಲ್ಲೇ ಇಲ್ಲ ಎಂದು ಜನ ಹೇಳುತ್ತಿದ್ದರು. ಕೇಳಿ ಕೇಳಿ ಅವನೂ ನಂಬಿಬಿಟ್ಟಿದ್ದ.

ಆ ಭಾನುವಾರ ಬೆಳಿಗ್ಗೆ ಜಾಲಹಳ್ಳಿಯ ಅನುಸೂಯಮ್ಮನವರ ಬಿಳಿ ಕಾರು ಅವನ ಗ್ಯಾರೇಜಿನ ಮುಂದೆ ಬಂದು ನಿಂತಿತು. ಮಗಳು ವೇಣಿ ಓಡಿಸುತ್ತಿದ್ದಳು. ಪಕ್ಕದ ಸೀಟಿನಲ್ಲಿ ಅನುಸೂಯಮ್ಮ ಕಾಲು ಮೇಲೆತ್ತಿಕೊಂಡು, ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ನೋಡಪ್ಪ, ಮಳೆ ಬಂದ್ರೆ ಕಾಲ ಕೆಳಗೆ ಕೆರೆ. ಬ್ರೇಕ್ ಹಾಕಿದ್ರೆ ಮುಂದುಗಡೆ ಗುಳುಗುಳು ಅನ್ನತ್ತೆ, ಯಾರೋ ಬಾಯಿ ಮುಕ್ಕಳಿಸಿದ ಹಾಗೆ."

"ಡ್ರೈವರ್ ಕೊಟ್ರಪ್ಪನ್ನ ಬಿಡಿಸಿ ಒಂದೂವರೆ ತಿಂಗಳಾಯ್ತು ಅಣ್ಣ," ಎಂದಳು ವೇಣಿ. "ಈಗ ಯಾರು ಅಂಡರ್‌ಪಾಸ್ ನೀರಿಗೆ ಕಾರು ಇಳಿಸ್ತಿರೋದು? ನಾನಾ?"

ಆಂಜಿನಪ್ಪನಿಗೆ ನೆನಪಿತ್ತು. ಹಿಂದಿನ ಸಲವೂ ಕಾರು ಇದೇ ದೂರು ಹೊತ್ತು ಬಂದಿತ್ತು. ಅವತ್ತು ಆರು ಗಾಡಿ ಸಾಲಿನಲ್ಲಿದ್ದವು. ಮ್ಯಾಟನ್ನು ಕಾಲಲ್ಲೇ ಒತ್ತಿ ನೋಡಿ, "ಡ್ರೈವರ್ ನೀರಲ್ಲಿ ಇಳಿಸಿದಾನೆ ಕಣಮ್ಮ" ಎಂದುಬಿಟ್ಟಿದ್ದ. ಪಕ್ಕದಲ್ಲೇ ನಿಂತಿದ್ದ ಡ್ರೈವರ್ ಕೊಟ್ರಪ್ಪ, "ಇಲ್ರೀ ಯಪ್ಪಾ, ನಾ ಇಳಿಸಿಲ್ರೀ" ಎಂದಿದ್ದ. "ಎಲ್ಲಾ ಡ್ರೈವರ್‌ಗಳೂ ಹಂಗೇ ಅನ್ನೋದು ಗುರು" ಎಂದು ಆಂಜಿನಪ್ಪ ನಕ್ಕಿದ್ದ. ಆ ನಗೆಗೆ ಕೊಟ್ರಪ್ಪನ ಕೆಲಸ ಹೋಗಿತ್ತು.

ಈ ಸಲ, ಅವರಿಬ್ಬರನ್ನೂ ಇಳಿಸಿ, ಮಂಡಿಯೂರಿದ. ಕಾರ್ಪೆಟ್ ಎತ್ತಿ, ನೀರಿಗೆ ಬೆರಳದ್ದಿ ಉಜ್ಜಿದ. ರಸ್ತೆ ನೀರಾಗಿದ್ದರೆ ಕೆಸರು ಹತ್ತಬೇಕು, ಮೋರಿ ನಾತ ಇರಬೇಕು. ಇದು ತಿಳಿಯಾದ ಮಳೆನೀರು, ಮೇಲಿನಿಂದ ಬಂದದ್ದು. ಇಷ್ಟು ತಿಳಿಯಲು ಒಂದು ಬೆರಳು ಸಾಕಿತ್ತು. ಅವತ್ತು ಅದೂ ಬಗ್ಗಿರಲಿಲ್ಲ.

ಮುಂದಿನ ಗಾಜಿನ ಮೇಲೆ ನೀರು ಸುರಿಯಲು ವೇಣಿಗೆ ಹೇಳಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಗಾಳಿ ಬರುವ ದಾರಿಯಿಂದ ನೀರು ತೊಟ್ಟಿಕ್ಕಿ ಮೂಗಿನ ಮೇಲೇ ಬಿತ್ತು. ಎದ್ದು ವೈಪರ್ ಬಿಚ್ಚಿ, ಅದರ ಕೆಳಗಿನ ಪ್ಲಾಸ್ಟಿಕ್ ಜಾಲರಿ ಎತ್ತಿದ. ಗಾಜಿನ ಮೇಲಿನ ಮಳೆನೀರು ಇಳಿದು ಹೊರಗೆ ಹರಿದುಹೋಗಬೇಕಾದ ತೊಟ್ಟಿ ತುಂಬಿ ನಿಂತಿತ್ತು. ಗುಳುಗುಳು ಎನ್ನುತ್ತಿದ್ದುದು ಅದೇ. ನೀರು ಹೋಗುವ ತೂತಿಗೆ ಬೆರಳು ಹಾಕಿದ. ಕೊಳೆತ ಚೆಂಡುಹೂವಿನ ಉಂಡೆ ಬಂತು, ಅದರ ಜೊತೆ ಕೆಂಪು ವೈರಿನ ತುಂಡು. ಹಿಂದೆಯೇ, ಬಿರಡೆ ಜಡಿದಂತೆ ಕೂತಿದ್ದ ಒಂದು ಇಡೀ ಅಡಿಕೆ.

ಆಯುಧಪೂಜೆಯ ದಿನ ಗಿರಾಕಿಗಳ ಕಾರುಗಳಿಗೆಲ್ಲ ಪೂಜೆ ಮಾಡುವುದು ಆಂಜಿನಪ್ಪನೇ. ದಾರ ಕಿತ್ತುಹೋಗುತ್ತದೆಂದು ಹಾರವನ್ನು ಕೆಂಪು ವೈರಿನಲ್ಲಿ ಬಿಗಿಯುವುದು ಅವನೊಬ್ಬನ ಪದ್ಧತಿ. ಗಾಜಿನ ಬುಡದಲ್ಲಿ ವೀಳ್ಯದೆಲೆ ಅಡಿಕೆ ಇಡುವ ಕೈಯೂ ಅವನದೇ. ಜಾಲರಿಯ ಸಂದಿಯಲ್ಲಿ ಎಲ್ಲ ಒಳಗೆ ಜಾರಿತ್ತು.

ವೇಣಿ ಬಕೆಟ್ ಇಡಲು ಹೋಗಿದ್ದಳು; ಯಾರೂ ನೋಡಿರಲಿಲ್ಲ. ಅಡಿಕೆ ಜೇಬು ಸೇರಿತು.

"ಏನಿತ್ತಪ್ಪ?"

"ಕಸ, ಅಮ್ಮ."

"ನೋಡಿದ್ಯಾ ವೇಣಿ? ಆ ಕೊಟ್ರಪ್ಪ ಕಸಾನೂ ತೆಗೀತಿರ್ಲಿಲ್ಲ."

ಆಂಜಿನಪ್ಪ ಕೈ ಒರೆಸಿಕೊಂಡ. ಜೇಬಿನಿಂದ ಅಡಿಕೆ ತೆಗೆದು ಬಾನೆಟ್ಟಿನ ಮೇಲಿಟ್ಟ. "ಅವನದೇನೂ ತಪ್ಪಿಲ್ಲಮ್ಮ. ಇದು ನಾನಿಟ್ಟ ಅಡಿಕೆ, ನಾನು ಕಟ್ಟಿದ ಹಾರ. ಅವತ್ತು ಬಗ್ಗಿ ನೋಡ್ದೆ ಅವನ ತಲೆಗೆ ಕಟ್ಟಿಬಿಟ್ಟೆ."

ಅನುಸೂಯಮ್ಮ ಅಡಿಕೆಯನ್ನು ಕೈಗೆತ್ತಿಕೊಂಡರು.

"ಮೂರು ವರ್ಷ ನಮ್ಮನೇಲಿದ್ದ. ಕೀ ಕೊಡೋವಾಗ್ಲೂ ಇಳಿಸಿಲ್ಲ ಅಂದ. ನಾನು ನಿನ್ನ ಮಾತು ನಂಬಿದೆ. ಫೋನ್ ಮಾಡು. ವಾಪಸ್ ಬಾ ಅಂತ ನಾನು ಹೇಳ್ತೀನಿ, ಮೊದ್ಲು ನಿಂದು ನೀನು ಹೇಳು."

ಕೊಟ್ರಪ್ಪ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಬಟ್ಟೆ ಬಂಡಲು ಹೊರುವ ಕೆಲಸಕ್ಕೆ ಸೇರಿದ್ದ. ರಜೆಯೆಂದು ರೂಮಿನಲ್ಲಿದ್ದ. ಆಂಜಿನಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಆತು ಬಿಡ್ರೀ. ಒಂದ್ ಕೆಲಸ ಮಾಡ್ರಿ. ಇದನ್ನ ನನ್ನ ಹೇಂತಿಗೆ ಹೇಳ್ರಿ. ಆಕಿನೂ ನಾ ಸುಳ್ಳ ಹೇಳಾಕತ್ತೀನಿ ಅಂತ ತಿಳದಾಳ."

ಫೋನು ಕೈ ಬದಲಾಯಿತು. "ನಾ ಮಹಾದೇವಿ. ಏನ್ರೀ?"

ಆಂಜಿನಪ್ಪ ಮೊದಲಿನಿಂದ ಹೇಳಿದ. ಎರಡನೆಯ ಸಲ ಇನ್ನೂ ಕಷ್ಟವಾಯಿತು. ಆ ಕಡೆಯಿಂದ ಮಹಾದೇವಿಯ ದನಿ: "ಅವರಿಗೆ ಏನೇನ್ ಅಂದೇನ್ರೀ ನಾನು. ಅದನ್ನ ಯಾರ್ ವಾಪಸ್ ತಗೋತಾರ್ರೀ?"

"ಈಗ್ಲೇ ಬರ್ತೀನಿ ಅಕ್ಕ. ಎದುರಿಗೆ ನಿಂತು ಹೇಳ್ತೀನಿ."

ಜಾಲರಿ, ವೈಪರ್ ಮತ್ತೆ ಕೂರಿಸಿ ಷಟರ್ ಎಳೆದ. ಬೊಮ್ಮನಹಳ್ಳಿಗೆ ಹೊರಡಲು ಅನುಸೂಯಮ್ಮ ಹಿಂದೆ ಹೋಗಿ ಕೂತು, ಮುಂದಿನ ಸೀಟನ್ನು ಅವನಿಗೆ ಬಿಟ್ಟರು.

"ಕಾಲು ಮೇಲಿಟ್ಕೊಳ್ಳಿ ಅಣ್ಣ, ಕೆಳಗೆ ಇನ್ನೂ ನೀರಿದೆ," ಎಂದಳು ವೇಣಿ.

"ಇರ್ಲಿ ಬಿಡಮ್ಮ," ಎಂದು ಆಂಜಿನಪ್ಪ ಎರಡೂ ಕಾಲು ಆ ನೀರಲ್ಲೇ ಊರಿದ.