ಅಳುವಾಗ ತೆಗೆದ ಚಿತ್ರ

ಸಾಗರದ ಬಸ್ ನಿಲ್ದಾಣದಲ್ಲಿ ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತ, ಬಳೆ ಅಂಗಡಿಗೆ ಮುಖ ಮಾಡಿ ನಿಂತಿದ್ದೆ. ಹೊಟ್ಟೆಯ ಹತ್ತಿರ ಹಿಡಿದ ಕ್ಯಾಮರಾ ಮಾತ್ರ ಪಕ್ಕಕ್ಕೆ ತಿರುಗಿತ್ತು. ಮೇಲಿನ ಗಾಜಿನೊಳಗೆ ಬಗ್ಗಿ ನೋಡುವ ಕ್ಯಾಮರಾ ಅದು. ಯಾರ ಚಿತ್ರ ತೆಗೆಯುತ್ತಿದ್ದೇನೆಂದು ಯಾರಿಗೂ ತಿಳಿಯುವುದಿಲ್ಲ. ಶರಾವತಿಯ ನೀರು ಏರಿತೆಂದು ಊರು ಬಿಟ್ಟು ಬಂದ ಹೆಂಗಸೊಬ್ಬಳು ಪಾತ್ರೆಗಳ ಗಂಟಿಗೆ ಒರಗಿ ಅಳುತ್ತಿದ್ದಳು. ರೀಲಿನ ಕೊನೆಯ ಚಿತ್ರ ಅವಳದಾಯಿತು.

ತುಸು ಹೊತ್ತಿಗೆ ಅವಳೇ ಕಣ್ಣೊರೆಸಿಕೊಂಡು ಹತ್ತಿರ ಬಂದಳು.

“ಅಮ್ಮಾ, ಅದು ಫೋಟೋ ತೆಗೆಯೋದಲ್ವಾ? ನಂದೊಂದು ತೆಗೀರಿ. ನೀವು ತೀರ್ಥಹಳ್ಳಿ ಬಸ್ಸಿಗೆ ನಿಂತೋರಲ್ವಾ? ಮಗಳು ಅಲ್ಲೇ ಹತ್ರ ಮೇಳಿಗೆಲಿದಾಳೆ, ಬಸುರಿ. ಅವ್ವ ನಗ್ತಿರೋದು ನೋಡಿದ್ರೆ ಅವಳಿಗೆ ಸಮಾಧಾನ.”

“ಫಿಲಂ ಮುಗೀತು,” ಎಂದೆ. ಅಷ್ಟಕ್ಕೇ ಸುಮ್ಮನಿರಲಾಗಲಿಲ್ಲ. “ಕೊನೇದು ನೀವು ಅಳ್ತಿದ್ದಾಗ ತೆಗೆದೆ.”

ಅವಳು ನನ್ನನ್ನೇ ದಿಟ್ಟಿಸಿದಳು. “ಓದಿದೋರು ಹಿಂಗೂ ಕದೀತೀರಾ?”

ಕ್ಯಾಮರಾದ ಬೆನ್ನು ತೆರೆದು ಫಿಲಮ್ಮನ್ನೆಲ್ಲ ಬಿಸಿಲಿಗೆ ಎಳೆದೆ. “ಇನ್ನು ಇದ್ರಲ್ಲಿ ಏನೂ ಉಳಿಯಲ್ಲ.”

ಅಷ್ಟರಲ್ಲಿ ಬೇರೆ ದಿಕ್ಕಿಗೆ ಹೋಗುವ ಅವಳ ಬಸ್ಸು ಹಾರನ್ ಹಾಕಿತು. ಹತ್ತಿ ಕೂತವಳು ಕಿಟಕಿಯಿಂದ ಕೂಗಿದಳು: “ಖಾಲಿ ಡಬ್ಬಿಲೇ ಒಂದ್ಸಲ ನೋಡಿ!”

ಬಗ್ಗಿ ನೋಡಿದೆ. ಗಾಜಿನಲ್ಲಿ ಅವಳು ಹಲ್ಲು ಕಾಣುವಂತೆ ನಗುತ್ತಿದ್ದಳು.

“ಕಂಡ್ನಾ?”

“ಕಂಡಿರಿ.”

“ಹಂಗಾದ್ರೆ ಮೇಳಿಗೆ ಕೆರಿಯಪ್ಪನ ಸೊಸೆ, ನನ್ನ ಮಗಳಿಗೆ ನೀವೇ ಹೋಗಿ ಹೇಳಿ. ಅವ್ವ ನಗ್ತಿದ್ಲು, ನಾನೇ ನೋಡ್ದೆ ಅಂತ.”

ನನ್ನ ಬಸ್ಸು ಬರುವವರೆಗೂ ಆ ಮಾತನ್ನೇ ಬಾಯಿಪಾಠ ಮಾಡಿದೆ. ಆ ಹುಡುಗಿ ನನ್ನ ಮುಖ ನೋಡಿ, “ಅವ್ವ ಅಳ್ತಿದ್ಲಾ?” ಎಂದು ಕೇಳದಿದ್ದರೆ ಸಾಕು.