ಪಂಪಜ್ಜಿಯ ಕಾಲಿಗೆ ಹಾಕಿದ ಪ್ಯಾಚು

ನಮ್ಮದು ಊರು ಅಂದರೆ ಊರು, ಹಳ್ಳಿ ಅಂದರೆ ಹಳ್ಳಿ. ಒಂದೇ ಬೀದಿ, ಒಂಬತ್ತು ಅಂಗಡಿ, ದಿನಕ್ಕೆ ಎರಡು ಸಲ ಬರುವ ಒಂದು ಬಸ್ಸು. ಇಲ್ಲಿ ಯಾರಿಗೂ ಸ್ವಂತ ನಾಯಿ ಇಲ್ಲ, ನಾಯಿಗಳಿಗೂ ಸ್ವಂತ ಮನೆ ಇಲ್ಲ. ಎಲ್ಲವೂ ಎಲ್ಲರವು. ಅವುಗಳಲ್ಲಿ ಕಂದು ಬಣ್ಣದ ಒಂದು ನಾಯಿಗೆ ಕಂಡಕ್ಟರ್ ಎಂದು ಹೆಸರಿಟ್ಟಿದ್ದೆವು. ಬಸ್ಸು ಬಂದು ನಿಂತರೆ ಬಾಗಿಲ ಬಳಿಯೇ ಅದರ ಡ್ಯೂಟಿ. ಇಳಿಯುವವರನ್ನೆಲ್ಲ ಮೂಸಿ ನೋಡಿ, ಕೊನೆಗೆ ಎರಡು ಸಲ ಬೊಗಳುತ್ತಿತ್ತು. ಅದು ಬೊಗಳುವವರೆಗೆ ಡ್ರೈವರ್ ಗಾಡಿ ಹೊರಡಿಸುತ್ತಿರಲಿಲ್ಲ.

ಆ ನಾಯಿಗೆ ದಿನಾ ಬೆಳಿಗ್ಗೆ ಬ್ರೆಡ್ಡು ಹಾಕುತ್ತಿದ್ದವಳು ಪಂಪಜ್ಜಿ. ಅವಳ ಮಗನಿಗೆ ಬಸ್ ನಿಲ್ದಾಣದ ಎದುರು ಸೈಕಲ್ ರಿಪೇರಿ ಅಂಗಡಿ. ಗಾಳಿ ಹೊಡೆಯುವ ಪಂಪಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುವುದರಿಂದ ಅಜ್ಜಿಗೆ ಆ ಹೆಸರು. ಮಗನಿಗೂ ಊರು ಒಂದು ಹೆಸರು ಕೊಟ್ಟಿದೆ: ಸೊಲ್ಯೂಷನ್. ಪಂಕ್ಚರ್ ಅಂಟಿಸುವ ಸೊಲ್ಯೂಷನ್ ಹಚ್ಚಿ ಅವನು ಅಂಟಿಸದ ವಸ್ತು ನಮ್ಮಲ್ಲಿ ಇಲ್ಲ. ಚಪ್ಪಲಿ, ಬಕೆಟ್ಟು, ಮೇಷ್ಟರ ಕನ್ನಡಕದ ಕಡ್ಡಿ, ಒಮ್ಮೆ ಬಸ್ಸಿನ ಸೀಟು ಕೂಡ. ತಾನು ಅಂಟಿಸಿದ್ದು ಇವತ್ತಿನವರೆಗೆ ಕಿತ್ತು ಬಂದಿಲ್ಲ ಎಂದು ಅವನಿಗೆ ಸ್ವಲ್ಪ ಜಂಬವೇ ಇತ್ತು.

ಒಂದು ಸೋಮವಾರ ಬೆಳಗಿನ ಬಸ್ಸು ಬಂತು, ಹೋಯಿತು. ಕಂಡಕ್ಟರ್ ಮಾತ್ರ ಬರಲಿಲ್ಲ. ಅಂಗಡಿಯ ಹಿಂದೆ ಹಳೇ ಟೈರುಗಳ ಸಂದಿಯಲ್ಲಿ ಮುದುಡಿ ಮಲಗಿತ್ತು. ಅಜ್ಜಿ ಬ್ರೆಡ್ಡು ಹಿಡಿದು ಹೋಗಿ, "ಏನೋ, ಇವತ್ತು ಡ್ಯೂಟಿಗೆ ರಜವಾ?" ಎಂದಳು. ನಾಯಿ ಬ್ರೆಡ್ಡಿನ ಕಡೆ ನೋಡಲೂ ಇಲ್ಲ. ಥಟ್ಟನೆ ಎದ್ದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲು ಚೆನ್ನಾಗಿಯೇ ನಾಟಿದವು.

ಮಗ ಓಡಿ ಬಂದ. ಅಂಗಡಿಯ ಬಟ್ಟೆಯಿಂದಲೇ ರಕ್ತ ಒರೆಸಿದ. ಆಮೇಲೆ ಕೈ ತನ್ನ ಅಭ್ಯಾಸದಂತೆ ನಡೆದುಕೊಂಡಿತು. ಗಾಯದ ಸುತ್ತ ಸೊಲ್ಯೂಷನ್ ಹಚ್ಚಿ, ಊದಿ ಒಣಗಿಸಿ, ಡಬ್ಬಿಯಲ್ಲಿದ್ದ ಅತಿ ಸಣ್ಣ ರಬ್ಬರ್ ಪ್ಯಾಚನ್ನು ಒತ್ತಿ ಅಂಟಿಸಿದ.

"ನೋಡಮ್ಮ, ಒಂದು ತೊಟ್ಟೂ ಲೀಕ್ ಆಗಲ್ಲ," ಎಂದ.

ಅಜ್ಜಿಗೆ ನೋವಿಗಿಂತ ಹೆಮ್ಮೆಯೇ ಹೆಚ್ಚಾಯಿತು. ಗಾಳಿ ಹೊಡೆಸಲು ಬಂದವರಿಗೆಲ್ಲ ಕಾಲು ಚಾಚಿ ತೋರಿಸಿದಳು. ಪಕ್ಕದ ಅಂಗಡಿಯ ಕ್ಷೌರಿಕ ಬಗ್ಗಿ ನೋಡಿ ತೀರ್ಪು ಕೊಟ್ಟ. "ನಮ್ಮ ನಾಯಿನೇ ತಾನೇ ಅಜ್ಜಿ? ಹತ್ತು ದಿನ ಅದನ್ನ ನೋಡ್ತಾ ಇರಿ. ಅದು ಚೆನ್ನಾಗಿದ್ರೆ ನೀವೂ ಚೆನ್ನಾಗಿರ್ತೀರ."

ಈ ಮಾತಿಗೆ ಎಲ್ಲರೂ ತಲೆಯಾಡಿಸಿದರು, ಅಜ್ಜಿಯ ಸೊಸೆಯನ್ನು ಬಿಟ್ಟು. ಅವಳು ಒಳಗೆ ಹೋಗಿ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಆರೋಗ್ಯ ಕೇಂದ್ರದ ಸಿಸ್ಟರ್ ಸ್ಕೂಟರಿನಲ್ಲಿ ಬಂದಿಳಿದರು. ಕಾಲಿನ ಪ್ಯಾಚು ನೋಡಿ ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಣ್ಣ, ನೀವು ಟೈರಲ್ಲಿ ಮೊಳೆ ಹಾಗೇ ಬಿಟ್ಟು ಟ್ಯೂಬಿಗೆ ಪ್ಯಾಚ್ ಹಾಕ್ತೀರಾ?" ಎಂದು ಕೇಳಿದರು.

ಸೊಲ್ಯೂಷನ್‌ಗೆ ಅವಮಾನವೇ ಆಯಿತು. "ಯಾವನಾದ್ರೂ ಹಾಕ್ತಾನಾ ಸಿಸ್ಟರ್? ಮೊದ್ಲು ಟೈರೊಳಗೆ ಕೈಯಾಡಿಸಿ ಮೊಳೆ ಹುಡುಕಬೇಕು. ಇಲ್ದಿದ್ರೆ ನಾಲ್ಕು ಹೆಜ್ಜೆ ಹೋಗೋದ್ರಲ್ಲಿ ಮತ್ತೆ ಪಂಕ್ಚರ್."

"ಮತ್ತೆ ಅಮ್ಮನ ಕಾಲಲ್ಲಿ ಮಾತ್ರ ಮೊಳೆ ಬಿಟ್ಟು ಮುಚ್ಚಿದ್ದೀರಲ್ಲ! ನಾಯಿಗೆ ರೇಬೀಸ್ ಇದ್ರೆ ಅದರ ವಿಷ ಇರೋದು ಜೊಲ್ಲಲ್ಲಿ. ಆ ಜೊಲ್ಲು ಈಗ ಈ ಪ್ಯಾಚಿನ ಕೆಳಗೆ ಬೆಚ್ಚಗೆ ಕೂತಿದೆ."

ಅವನು ಅಮ್ಮನ ಕಾಲ ಬಳಿ ಕುಕ್ಕರಿಸಿದ. ಸಿಸ್ಟರ್ ಗಾಯಕ್ಕೆ ನೋವಾಗದಂತೆ ಪ್ಯಾಚು ಬಿಡಿಸಿದರು. ಅಜ್ಜಿಯ ಕಾಲನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ, ಗಡಿಯಾರ ನೋಡುತ್ತ ಪೂರ್ತಿ ಹದಿನೈದು ನಿಮಿಷ ತೊಳೆದರು. ನಂತರ, "ಏಳಿ ಅಜ್ಜಿ, ಈಗಲೇ ದೊಡ್ಡಾಸ್ಪತ್ರೆಗೆ ಹೋಗೋಣ," ಎಂದರು.

ಅಜ್ಜಿ ಜಪ್ಪಯ್ಯ ಅಂದರೂ ಏಳಲಿಲ್ಲ.

"ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸ್ಕೊಳೋಕೆ ನಂಗೇನು ಹುಚ್ಚಾ?"

"ಅದೆಲ್ಲ ನಿಮ್ಮ ಕಾಲದ್ದು. ಈಗ ತೋಳಿಗೆ ಲಸಿಕೆ. ಗಾಯ ಆಳ ಇದೆಯಲ್ಲ, ಅದಕ್ಕೆ ಗಾಯದ ಸುತ್ತಲೂ ಒಂದು ಇಂಜೆಕ್ಷನ್ ಕೊಡ್ತಾರೆ. ಆಮೇಲೆ ಅವರು ಬರೆದುಕೊಟ್ಟ ತಾರೀಕಿಗೆ ಹೋಗ್ತಾ ಇದ್ರಾಯ್ತು."

"ಹತ್ತು ದಿನ ನೋಡೋಣಮ್ಮ, ಆಮೇಲೆ ಬರ್ತೀನಿ."

"ನಾಯಿನ ನೋಡೋಣ, ಬೇಡ ಅನ್ನಲ್ಲ. ಆದ್ರೆ ನೋಡ್ತಾ ನೋಡ್ತಾ ಲಸಿಕೆ ಹಾಕಿಸ್ಕೋಬೇಕು. ಕಾಯಿಲೆಯ ಲಕ್ಷಣ ಶುರುವಾದ್ರೆ ನನ್ನ ಹತ್ರ ಅಲ್ಲ, ಯಾವ ಡಾಕ್ಟ್ರ ಹತ್ರಾನೂ ವಾಸಿಮಾಡೋ ಮದ್ದಿಲ್ಲ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಲ್ಲಿಯವರೆಗೆ ಬಿಗಿಹಿಡಿದಿದ್ದ ಮಾತು ಆಗ ಹೊರಬಂತು. "ನಾನು ಆಸ್ಪತ್ರೆಗೆ ಹೋದ್ರೆ ಯಾವ ನಾಯಿ ಅಂತ ಕೇಳ್ತಾರೆ. ಹೇಳಿದ್ರೆ ಅದನ್ನ ಹೊಡೆದು ಹಾಕ್ತಾರೆ. ಮಗ ಕಚ್ಚಿದ ಅಂತ ಯಾವ ತಾಯಿಯಾದ್ರೂ ಅವನ ಮೇಲೆ ದೂರು ಕೊಡ್ತಾಳಾ?"

ಅವಳ ಹಠಕ್ಕೆ ಭಯ ಕಾರಣ ಎಂದುಕೊಂಡಿದ್ದ ನಮಗೆ ನಾಚಿಕೆಯಾಯಿತು. ಸಿಸ್ಟರ್ ಅವಳ ಕೈ ಹಿಡಿದು, "ಅದನ್ನ ಯಾರೂ ಹೊಡೆಯಲ್ಲ ಅಜ್ಜಿ. ಪಶುವೈದ್ಯರೇ ಬಂದು ಹಿಡಿದು, ಬೇರೆ ಕಡೆ ಇಟ್ಟು ನೋಡ್ಕೋತಾರೆ. ನಾನು ನಿಂತು ಮಾಡಿಸ್ತೀನಿ," ಎಂದರು.

ಮಗ ಅಂಗಡಿಯ ಬಾಗಿಲು ಎಳೆದ. ಹಗಲು ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ನಾವು ಅವತ್ತೇ ಕಂಡದ್ದು. "ಅಮ್ಮ, ನಾನು ಗೊತ್ತಿಲ್ದೆ ತಪ್ಪು ಮಾಡ್ದೆ. ನೀನು ಗೊತ್ತಿದ್ದೂ ಮಾಡ್ಬೇಡ. ಏಳು," ಎಂದ. ಅಜ್ಜಿ ಮಗನ ಮುಖ ನೋಡಿದಳು, ಎದ್ದಳು.

ಅವತ್ತೇ ಮೊದಲ ಲಸಿಕೆ ಆಯಿತು. ಗಾಯದ ಸುತ್ತಲಿನ ಇಂಜೆಕ್ಷನ್ನೂ ಆಯಿತು. ಪಶುವೈದ್ಯರು ಬಲೆ ತಂದು ಕಂಡಕ್ಟರನ್ನು ಹಿಡಿದು, ಪಶು ಆಸ್ಪತ್ರೆಯ ಕೋಣೆಯಲ್ಲಿ ಇಟ್ಟರು. ಮೂರನೇ ದಿನಕ್ಕೆ ಅದಕ್ಕೆ ನೀರು ನುಂಗಲಾಗಲಿಲ್ಲ. ಐದನೇ ದಿನ ಸತ್ತುಹೋಯಿತು. ಪರೀಕ್ಷೆಯಲ್ಲಿ ರೇಬೀಸ್ ಎಂದೇ ಬಂತು.

ಸುದ್ದಿ ಕೇಳಿ ಅಜ್ಜಿ ಗೋಡೆಗೆ ತಿರುಗಿ ಅತ್ತಳು. ಊರಲ್ಲೆಲ್ಲ ಒಂದೇ ಮಾತು. ಹತ್ತು ದಿನ ಕಾದಿದ್ದರೆ? ಪ್ಯಾಚನ್ನು ನಂಬಿ ಕೂತಿದ್ದರೆ? ತೀರ್ಪು ಕೊಟ್ಟಿದ್ದ ಕ್ಷೌರಿಕನ ಬೆರಳಿಗೆ ನಾಯಿ ಅಜ್ಜಿಗೆ ಕಚ್ಚುವ ಹಿಂದಿನ ದಿನವಷ್ಟೇ ಬ್ಲೇಡು ತಾಗಿತ್ತು, ಆ ಬೆರಳನ್ನು ಕಂಡಕ್ಟರ್ ನೆಕ್ಕಿತ್ತು. ಗಿರಾಕಿಯ ಅರ್ಧ ಗಡ್ಡವನ್ನು ಹಾಗೆಯೇ ಬಿಟ್ಟು ಅವನು ಬಸ್ಸಿಗೆ ಓಡಿದ. ಸಿಸ್ಟರ್ ಮನೆಮನೆಗೂ ಬಂದು, ಯಾರಿಗೆ ಕಚ್ಚಿದೆ, ಯಾರಿಗೆ ಪರಚಿದೆ, ಯಾರ ಗಾಯ ನೆಕ್ಕಿದೆ ಎಂದು ಕೇಳಿದರು. ಏಳು ಜನ ಸಿಕ್ಕರು. ಏಳು ಜನರಿಗೂ ಲಸಿಕೆ ಆಯಿತು. ಬರೀ ಬೆನ್ನು ಸವರಿದವರಿಗೆ ಬೇಕಿಲ್ಲ ಎಂದು ಧೈರ್ಯ ಹೇಳಿದರು.

ಅಜ್ಜಿ ಒಂದು ತಾರೀಕೂ ತಪ್ಪಿಸಲಿಲ್ಲ. ಕೊನೆಯ ಲಸಿಕೆ ಮುಗಿಸಿ ಬಂದ ದಿನ ಬಸ್ಸಿನಿಂದ ಇಳಿದವಳು ಮನೆಗೆ ಹೋಗದೆ ನೇರ ಸಿಸ್ಟರ್ ಮುಂದೆ ನಿಂತಳು. "ನಂದಾಯ್ತು. ಉಳಿದ ಮಕ್ಕಳದ್ದು ಯಾವಾಗ?"

ಉಳಿದ ಮಕ್ಕಳೆಂದರೆ ನಾಯಿಗಳು. ಬೀದಿಯಲ್ಲಿ ಮೂವತ್ತೆರಡಿದ್ದವು. ಮುಂದಿನ ಭಾನುವಾರ ಪಶುವೈದ್ಯರು ಲಸಿಕೆ ತಂದರು. ಬಲೆ ಕಂಡದ್ದೇ ತಡ, ಮೂವತ್ತೆರಡೂ ಕಾಲ್ಕಿತ್ತವು. ಸಿಬ್ಬಂದಿ ಬೆವರಿ ಸುಸ್ತಾದರು. ಆಗ ಅಜ್ಜಿ ಬೀದಿಯ ನಡುವೆ ಸ್ಟೂಲು ಹಾಕಿ ಕೂತು, "ಬಲೆ ಒಳಗಿಡ್ರಪ್ಪ," ಎಂದು, ಒಂದೊಂದನ್ನೇ ಹೆಸರು ಹಿಡಿದು ಕರೆಯತೊಡಗಿದಳು. ಹೆಡ್‌ಮಾಸ್ಟರ್ ಬಂತು. ಪೋಸ್ಟಾಫೀಸು ಬಂತು. ಮೂಗಿ ತನ್ನ ನಾಲ್ಕು ಮರಿಗಳನ್ನೂ ಕರೆತಂದಳು. ಒಂದೊಂದಕ್ಕೆ ಲಸಿಕೆ ಆದಾಗಲೂ ಬೀದಿಯ ತುಂಬ ಚಪ್ಪಾಳೆ. ಸೊಲ್ಯೂಷನ್ ಪ್ರತಿಯೊಂದರ ಕೊರಳಿಗೆ ಕೆಂಪು ಪಟ್ಟಿ ಕಟ್ಟಿದ. ಸಂಜೆ ಬಸ್ಸು ಬರುವ ಹೊತ್ತಿಗೆ ಕೆಂಪು ಪಟ್ಟಿ ಇಲ್ಲದ ಒಂದು ನಾಯಿಯೂ ನಮ್ಮ ಊರಲ್ಲಿ ಉಳಿಯಲಿಲ್ಲ. ನಾವು ಗೆದ್ದಿದ್ದೆವು, ಅಜ್ಜಿಯೂ ನಮ್ಮ ನಡುವೆ ಕೂತು ನಗುತ್ತಿದ್ದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ಎಲ್ಲರ ಮುದ್ದಿನ ನಾಯಿ ಒಂದಿರುತ್ತದೆ. ಅದಕ್ಕೆ ವರ್ಷವರ್ಷವೂ ಲಸಿಕೆ ಹಾಕಿಸಿ. ಕಚ್ಚಿದರೆ, ಪರಚಿದರೆ, ನಮ್ಮದೇ ನಾಯಿ ಎಂದು ಸುಮ್ಮನಿರಬೇಡಿ. ಮೊದಲು ಸೋಪು, ಹರಿಯುವ ನೀರು, ಹದಿನೈದು ನಿಮಿಷ. ಗಾಯಕ್ಕೆ ಖಾರ, ಸುಣ್ಣ, ಎಣ್ಣೆ ಏನನ್ನೂ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಹೇಳಿದ ಲಸಿಕೆಯನ್ನೆಲ್ಲ ಮುಗಿಸಿ. ಅಮ್ಮ ಬೇಡ ಅಂದರೆ, ಅಪ್ಪ ನಾಳೆ ಅಂದರೆ, ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋಗಿ. ಇವತ್ತು ಹೋದರೆ ಅವರು ನಿಮ್ಮ ಜೊತೆಯಲ್ಲೇ ಮನೆಗೆ ಬರುತ್ತಾರೆ.